ಇನ್ನೂರು ಪುಟದೊಳಗಿನ ವೆಸ್ಟರ್ನ್ ಕಾದಂಬರಿ: ಓದಿ ಅಭಿಪ್ರಾಯ ಬರೆಯುವುದು ಹೇಗೆ

ವೆಸ್ಟರ್ನ್, ಅಂದರೆ ಅಮೆರಿಕದ ಪಶ್ಚಿಮದ ಕೌಬಾಯ್ ಕಾಲದ ಕಾದಂಬರಿ, ಅಂದರೆ ನನಗೆ ಪ್ರಾಣ. ಅದರಲ್ಲೂ ತೆಳ್ಳಗಿನವು. ಬೆಳಿಗ್ಗೆ ಹಿಡಿದರೆ ಸಂಜೆಯೊಳಗೆ ಮುಗಿಯುವಂಥವು. ಹದಿನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಓದಿದ್ದಕ್ಕೆಲ್ಲ ಅಭಿಪ್ರಾಯ ಬರೆದಿಡುತ್ತೇನೆ. ಮೊದಲ ವರ್ಷಗಳಲ್ಲಿ ಬರೆದದ್ದೆಲ್ಲ ಒಂದೇ ಥರ ಇದೆ: "ಚೆನ್ನಾಗಿದೆ, ಆದರೆ ಬೇಗ ಮುಗಿದುಹೋಯಿತು." ಓದುಗರಲ್ಲಿ ಬಹಳ ಜನ ಇದನ್ನೇ ಬರೆಯುತ್ತಾರೆ. ಪುಸ್ತಕ ತೆಗೆದುಕೊಳ್ಳಲೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಇದರಿಂದ ಏನೂ ಸಿಗುವುದಿಲ್ಲ.

ನೂರೈವತ್ತು ಪುಟದಲ್ಲಿ ಒಂದು ಕಾಲವನ್ನು ಹೇಳಬೇಕಾದರೆ ಬರೆಯುವವರು ಇಟ್ಟುಕೊಳ್ಳುವುದಕ್ಕಿಂತ ಬಿಡುವುದೇ ಜಾಸ್ತಿ. ಏನು ಇಟ್ಟುಕೊಂಡರು, ಏನು ಬಿಟ್ಟರು, ಆ ಆಯ್ಕೆ ಸರಿಯಿತ್ತಾ? ನಿಮ್ಮ ಅಭಿಪ್ರಾಯ ಇದರ ಮೇಲೆ ನಿಲ್ಲಬೇಕು. ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಮೊದಲ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಬೇಡ. ಕಥೆಯ ಜೊತೆ ಹೋಗಿ, ಅಷ್ಟೇ. ಮುಗಿಸಿದ ಮೇಲೆ ಒಂದು ಚೀಟಿ ತೆಗೆದುಕೊಂಡು ಎರಡೇ ವಿಷಯ ಬರೆಯಿರಿ: ಕಥೆ ನಡೆಯುವ ವರ್ಷ, ನಡೆಯುವ ಜಾಗ. ಪುಸ್ತಕದಲ್ಲಿ ವರ್ಷ ನೇರವಾಗಿ ಹೇಳಿಲ್ಲದಿದ್ದರೆ ಸುಳಿವು ಹುಡುಕಿ. ಅಮೆರಿಕದ ಅಂತರ್ಯುದ್ಧ (1861–65) ಮುಗಿದು ಬಂದ ಸೈನಿಕ ಇದ್ದಾನಾ? ರೈಲು ಬಂದಿದೆಯಾ? ಮುಳ್ಳುತಂತಿಯ ಬೇಲಿ ಇದೆಯಾ?

ವರ್ಷಕ್ಕೆ ಇಷ್ಟು ಮಹತ್ವ ಯಾಕೆ ಅಂದರೆ, ನಮ್ಮ ತಲೆಯಲ್ಲಿರುವ ಆ ಕೌಬಾಯ್ ಕಾಲ ಬಹಳ ಚಿಕ್ಕದು. ಟೆಕ್ಸಸ್‌ನಿಂದ ಉತ್ತರಕ್ಕೆ ಸಾವಿರಾರು ದನ ಹೊಡೆದುಕೊಂಡು ಹೋಗುವ ದೊಡ್ಡ ಪಯಣಗಳು ಶುರುವಾದದ್ದು 1866ರ ಸುಮಾರಿಗೆ. 1867ರಲ್ಲಿ ಕಾನ್ಸಸ್‌ನ ಅಬಿಲೀನ್ ದನದ ಪೇಟೆಯಾಯಿತು. 1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಪೂರ್ವದಿಂದಲೂ ಪಶ್ಚಿಮದಿಂದಲೂ ಹಾಕುತ್ತಾ ಬಂದ ಎರಡು ರೈಲು ಹಳಿಗಳು ಕೂಡಿದವು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬೀಳತೊಡಗಿತು. 1886–87ರ ಚಳಿಗಾಲದಲ್ಲಿ ಮೊಂಟಾನಾ, ವಯೋಮಿಂಗ್ ಕಡೆ ದನಗಳು ಹಿಂಡುಹಿಂಡಾಗಿ ಸತ್ತವು. ಇಪ್ಪತ್ತು ವರ್ಷ, ಮುಗಿಯಿತು. ಹಾಗಾಗಿ 1868ರ ಕಥೆಗೂ 1884ರ ಕಥೆಗೂ ಬದುಕೇ ಬೇರೆ. ಒಬ್ಬನಿಗೆ ಕಣ್ಣು ಹಾಯುವವರೆಗೂ ತೆರೆದ ಬಯಲು. ಇನ್ನೊಬ್ಬನಿಗೆ ದಾರಿಯಲ್ಲಿ ತಂತಿ ಕತ್ತರಿಸಬೇಕಾದ ಪರಿಸ್ಥಿತಿ.

ಆಮೇಲೆ ಎರಡನೇ ಓದು. ಪೂರ್ತಿ ಅಲ್ಲ. ಮೊದಲ ಅಧ್ಯಾಯ, ಕೊನೆಯ ಅಧ್ಯಾಯ, ಮತ್ತೆ ನಿಮ್ಮ ಮನಸ್ಸಿನಲ್ಲಿ ಉಳಿದ ಒಂದು ದೃಶ್ಯ. ಈ ಒಂದು ದೃಶ್ಯವೇ ನಿಮ್ಮ ಅಭಿಪ್ರಾಯದ ಗಟ್ಟಿ ನೆಲ.

ನನಗೆ ಹೀಗೆ ಸಿಕ್ಕ ಒಂದು ದೃಶ್ಯ ಹೇಳಲೇಬೇಕು. ನೆಬ್ರಾಸ್ಕಾ ಬಯಲಿನ ಒಬ್ಬ ವಿಧವೆಯ ಕಥೆ. ನೂರಾ ಮೂವತ್ತು ಪುಟವೂ ಇಲ್ಲ. ಪ್ರತಿ ಸಂಜೆ ಅವಳು ಕಿಟಕಿಯಲ್ಲಿ ದೀಪ ಇಡುತ್ತಾಳೆ. ಪಕ್ಕದ ಜಮೀನಿನವನು ದೂರದಿಂದ ಆ ದೀಪ ನೋಡುತ್ತಾನೆ. ಇದು ಮತ್ತೆ ಮತ್ತೆ ಬರುತ್ತದೆ. "ಏನೂ ನಡೆಯುವುದಿಲ್ಲ, ಬೋರು" ಅಂತ ಬರೆದವರು ಬಹಳ ಜನ. ಮೊದಲ ಓದಿನಲ್ಲಿ ನನಗೂ ಹಾಗೇ ಅನ್ನಿಸಿತ್ತು. ಆಮೇಲೆ 1862ರ ಹೋಮ್‌ಸ್ಟೆಡ್ ಕಾಯ್ದೆ ಬಗ್ಗೆ ಓದಿದೆ. ಸರ್ಕಾರ 160 ಎಕರೆ ಕೊಡುತ್ತಿತ್ತು. ಆದರೆ ಐದು ವರ್ಷ ಅಲ್ಲೇ ವಾಸ ಇದ್ದು ಉಳುಮೆ ಮಾಡಬೇಕು. ಗಂಡ ಸತ್ತರೆ ಹೆಂಡತಿ ಆ ಅವಧಿ ಪೂರೈಸಿ ಹಕ್ಕು ಪಡೆಯಬಹುದು. ಆರು ತಿಂಗಳಿಗಿಂತ ಜಾಸ್ತಿ ಬಿಟ್ಟುಹೋದರೆ ಜಮೀನು ವಾಪಸ್ ಸರ್ಕಾರಕ್ಕೆ. ಈಗ ಆ ದೀಪ ನೋಡಿ! "ನಾನು ಇಲ್ಲೇ ಇದ್ದೇನೆ" ಅಂತ ಅವಳು ದಿನಾ ಸಾಕ್ಷಿ ಹೇಳುತ್ತಿದ್ದಾಳೆ. ಪಕ್ಕದವನು ಕಾಯುತ್ತಿರುವುದು ದೀಪ ಆರುವುದಕ್ಕೆ. ಕೈ ನಡುಗಿತು ನನಗೆ. ಕಾಯ್ದೆಯ ವಿವರ ಪುಸ್ತಕದಲ್ಲಿ ಎಲ್ಲೂ ಬಿಡಿಸಿ ಹೇಳಿಲ್ಲ. ಬರೆದವರು ಬೇಕೆಂದೇ ಬಿಟ್ಟ ಜಾಗ ಅದು. ಅಭಿಪ್ರಾಯದಲ್ಲಿ ನಾನು ಆ ನಾಲ್ಕು ಸಾಲು ಸೇರಿಸಿದೆ. ಕಥೆಯ ಗುಟ್ಟು ಬಿಡಲಿಲ್ಲ, ಬಾಗಿಲ ಕೀಲಿ ಮಾತ್ರ ಕೊಟ್ಟೆ.

ಆದ್ದರಿಂದ "ನಿಧಾನ" ಅಂತ ಬರೆಯುವ ಮುಂಚೆ ಒಂದು ಸಲ ನಿಲ್ಲಿ. ನಿಧಾನ ಅನ್ನಿಸಿದ ಜಾಗದಲ್ಲಿ ನಿಮಗೆ ಗೊತ್ತಿಲ್ಲದ ನಿಯಮವೋ, ರೂಢಿಯೋ ಇರಬಹುದಾ ಅಂತ ನೋಡಿ. ಹುಡುಕಿದರೂ ಏನೂ ಸಿಗದಿದ್ದರೆ ಧೈರ್ಯವಾಗಿ ಬರೆಯಿರಿ, ನಿಧಾನ ಅಂತ.

ಇನ್ನು ಕಾಲದ ವಿವರ ಸರಿಯಿದೆಯಾ ಅನ್ನುವ ಪ್ರಶ್ನೆ. ನಾನು ಮೂರು ಕಡೆ ಕೈ ಹಾಕಿ ನೋಡುತ್ತೇನೆ.

ಒಂದು, ದೂರ. ಎತ್ತಿನ ಗಾಡಿ ದಿನಕ್ಕೆ ಹನ್ನೆರಡರಿಂದ ಹದಿನೈದು ಮೈಲಿ ಹೋದರೆ ಹೆಚ್ಚು. ಮಿಸೌರಿಯಿಂದ ಒರೆಗಾನ್‌ಗೆ ಸುಮಾರು 2000 ಮೈಲಿ, ನಾಲ್ಕರಿಂದ ಆರು ತಿಂಗಳು. ದನದ ಹಿಂಡೂ ಹೆಚ್ಚುಕಡಿಮೆ ಅದೇ ವೇಗ. ಓಡಿಸಿದರೆ ಮೈ ಇಳಿದು ಪೇಟೆಯಲ್ಲಿ ಬೆಲೆ ಬರುವುದಿಲ್ಲ. ಹಾಗಾಗಿ ನಕ್ಷೆ ಬಿಚ್ಚಿ ಬೆರಳಿಟ್ಟು ನೋಡಿ. ಚಿಕ್ಕ ಕಾದಂಬರಿಯಲ್ಲಿ "ಆರು ವಾರ ಕಳೆದವು" ಅಂತ ಒಂದೇ ಸಾಲಿನಲ್ಲಿ ದಾಟುವುದುಂಟು. ಅದು ತಪ್ಪಲ್ಲ. ಆದರೆ ಆ ಆರು ವಾರದ ದಣಿವು ಮುಂದಿನ ಪುಟದಲ್ಲಿ ಪಾತ್ರದ ಮೈಮೇಲೆ ಕಾಣಬೇಕು. ಬೂಟಿನ ಅಟ್ಟೆ ಸವೆದಿರಬೇಕು, ಮಾತು ಕಡಿಮೆಯಾಗಿರಬೇಕು. ಕಾಣದಿದ್ದರೆ ಬರೆದವರು ದೂರವನ್ನು ನುಂಗಿಬಿಟ್ಟಿದ್ದಾರೆ ಅಂತ ಅರ್ಥ.

ಎರಡು, ಬಂದೂಕು. ಸಿನಿಮಾದಲ್ಲಿ ನೋಡುವ ಕೋಲ್ಟ್ ರಿವಾಲ್ವರ್, ವಿಂಚೆಸ್ಟರ್ ರೈಫಲ್ ಎರಡರ ಪ್ರಸಿದ್ಧ ಮಾದರಿಗಳೂ 1873ರವು. ಅದಕ್ಕೆ ಹಿಂದಿನ ಕಥೆಯಾದರೆ ಹೆಚ್ಚಿನವರ ಸೊಂಟದಲ್ಲಿದ್ದ ರಿವಾಲ್ವರ್‌ಗೆ ಒಂದೊಂದು ಗೂಡಿಗೂ ಮದ್ದು ಸುರಿದು, ಸೀಸದ ಗುಂಡು ಇಟ್ಟು, ಸನ್ನೆಕೋಲಿನಿಂದ ಒತ್ತಿ, ಹಿಂದೆ ಸಣ್ಣ ತಾಮ್ರದ ಕ್ಯಾಪ್ ಕೂರಿಸಬೇಕಿತ್ತು. ಆರು ಸಲ. ಬೆರಳು ಚಳಿಗೆ ಮರಗಟ್ಟಿದ್ದರೆ ಆ ಕ್ಯಾಪ್ ಕೂರುವುದೇ ಇಲ್ಲ, ಹುಲ್ಲಿನಲ್ಲಿ ಬಿದ್ದುಹೋಗುತ್ತದೆ. ಗುಂಡು ಹಾರಿದ ಮೇಲೆ ಬಿಳಿ ಹೊಗೆ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಇದನ್ನು ತಿಳಿದು ಬರೆದ ಕಾಳಗದ ದೃಶ್ಯದಲ್ಲಿ ಭಯ ಎಷ್ಟು ಬೇರೆ ಇರುತ್ತದೆ ಅಲ್ವಾ? ಅಂಥದ್ದು ಕಂಡರೆ ಮರೆಯದೆ ಹೊಗಳಿ.

ಮೂರು, ಗಿಡ. ಗಾಳಿಗೆ ಉರುಳುವ ಆ ಒಣ ಮುಳ್ಳಿನ ಉಂಡೆ ಎಲ್ಲ ವೆಸ್ಟರ್ನ್‌ಗಳಲ್ಲೂ ಇರುತ್ತದೆ. ಅದಕ್ಕೆ ರಷ್ಯನ್ ಥಿಸಲ್ ಅಂತ ಹೆಸರು. ಅಗಸೆ ಬೀಜದ ಜೊತೆ ಬೆರೆತು ಡಕೋಟಾಗೆ ಬಂದದ್ದೇ 1870ರ ದಶಕದಲ್ಲಿ. 1850ರ ಕಥೆಯಲ್ಲಿ ಅದು ಉರುಳಿದರೆ ಬರೆದವರು ಆ ಬಯಲನ್ನು ಸಿನಿಮಾದಿಂದ ತಂದಿದ್ದಾರೆ ಅಂತ ನನಗೆ ಗೊತ್ತಾಗುತ್ತದೆ.

ಆದರೆ ತಪ್ಪು ಹಿಡಿಯುವ ಆಸೆಗೆ ಬೀಳಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. 1850ರ ದಶಕದ ಟೆಕ್ಸಸ್ ಕಥೆಯೊಂದರಲ್ಲಿ ಒಂಟೆಗಳು ಬಂದವು. ಅಮೆರಿಕದ ಸೈನಿಕರ ಜೊತೆ ಒಂಟೆ! ಪುಸ್ತಕಕ್ಕೆ ಎರಡು ನಕ್ಷತ್ರ ಕೊಟ್ಟು, "ಕನಿಷ್ಠ ತಯಾರಿಯೂ ಇಲ್ಲದೆ ಬರೆದಿದ್ದಾರೆ" ಅಂತ ಬರೆದುಬಿಟ್ಟೆ. ಆ ಮಾತು ಏಳು ತಿಂಗಳು ತಿದ್ದುಪಡಿಯಿಲ್ಲದೆ ಹಾಗೇ ಇತ್ತು. ಎಷ್ಟು ಜನ ಅದನ್ನು ನಂಬಿ ಪುಸ್ತಕ ಬಿಟ್ಟರೋ. ಅವತ್ತಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಅಸಾಧ್ಯ ಅನ್ನಿಸಿದ ವಿವರವನ್ನು ಎರಡು ಕಡೆ ಹುಡುಕದೆ ತಪ್ಪು ಅನ್ನುವುದಿಲ್ಲ.

ಮುಂದಿನದು, ಕಥೆಯಲ್ಲಿ ಯಾರಿದ್ದಾರೆ, ಯಾರಿಲ್ಲ. ಇದನ್ನು ತೂಕವಾಗಿ ಬರೆಯಬೇಕು. ದನ ಕಾಯುವವರಲ್ಲಿ ಕಪ್ಪುಜನರೂ ಮೆಕ್ಸಿಕನ್ನರೂ ಬಹಳ ಇದ್ದರು. ಹಗ್ಗ ಬೀಸುವ ಕಲೆಯಿಂದ ಹಿಡಿದು 'ರ‍್ಯಾಂಚ್' ಅನ್ನುವ ಪದದವರೆಗೆ ಎಷ್ಟೋ ಬಂದದ್ದು ಮೆಕ್ಸಿಕೋದ ವಾಕೆರೋಗಳಿಂದ, ಅಂದರೆ ಅಲ್ಲಿನ ದನಗಾಹಿಗಳಿಂದ. ಪಶ್ಚಿಮದ ಕಡೆಯಿಂದ ಬಂದ ರೈಲು ಹಳಿಯನ್ನು ಹಾಕಿದವರಲ್ಲಿ ಹೆಚ್ಚಿನವರು ಚೀನೀ ಕೆಲಸಗಾರರು. ಎಲ್ಲರೂ ನೂರೈವತ್ತು ಪುಟದಲ್ಲಿ ಹಿಡಿಸುವುದಿಲ್ಲ, ಹಿಡಿಸಲಿ ಅಂತ ಕೇಳುವುದೂ ನ್ಯಾಯವಲ್ಲ. ಆದರೆ ಕಥೆ 1865ರ ಕೊಲೊರಾಡೋದಲ್ಲಿ ನಡೆಯುತ್ತಿದ್ದು, ಆ ನೆಲದ ಮೂಲನಿವಾಸಿಗಳಾದ ಶಯೆನ್ ಜನ ಬರೀ ದೂರದ ಧೂಳಾಗಿ ಮಾತ್ರ ಕಂಡರೆ ನಾನು ಸುಮ್ನೆ ಇರುವುದಿಲ್ಲ. 1864ರ ನವೆಂಬರ್ 29ರಂದು ಸ್ಯಾಂಡ್ ಕ್ರೀಕ್‌ನಲ್ಲಿ ಸೈನಿಕರು ಅವರ ಬಿಡಾರದ ಮೇಲೆ ಬಿದ್ದು ಕೊಂದವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. ಮರುವರ್ಷ ಅಲ್ಲಿನ ಯಾರ ಬಾಯಲ್ಲೂ ಆ ಮಾತು ಬರುವುದಿಲ್ಲ ಅಂದರೆ, ಆ ಮೌನ ಪಾತ್ರದ್ದಾ, ಬರೆದವರದ್ದಾ? ಪಾತ್ರದ್ದಾದರೆ ಅದು ಕಲೆ, ಎಲ್ಲಾದರೂ ಒಂದು ಬಿರುಕಿನಲ್ಲಿ ಇಣುಕುತ್ತದೆ. ಬರೆದವರದ್ದಾದರೆ ಕೊರತೆ. ಪಾತ್ರ ಆಡುವ ಕೆಟ್ಟ ಮಾತಿಗೂ ಇದೇ ಅಳತೆ.

ಇಲ್ಲೇ ಇನ್ನೊಂದು ಮಾತು. ನಾವು ಕನ್ನಡದಲ್ಲಿ ಅಭ್ಯಾಸಬಲದಿಂದ 'ರೆಡ್ ಇಂಡಿಯನ್ನರು' ಅಂತ ಬರೆದುಬಿಡುತ್ತೇವೆ. ಪುಸ್ತಕದಲ್ಲಿ ಕಮಾಂಚಿ, ಕಯೊವ, ಲಕೋಟ, ಅಪಾಚೆ ಅಂತ ಹೆಸರಿದ್ದರೆ ಆ ಹೆಸರನ್ನೇ ಬರೆಯಿರಿ. ಅವರವರ ಭಾಷೆ ಬೇರೆ, ನೆಲ ಬೇರೆ, ಇತಿಹಾಸ ಬೇರೆ.

"ಇನ್ನೂ ಸ್ವಲ್ಪ ಇರಬೇಕಿತ್ತು" ಅನ್ನಿಸಿದರೆ ಎಲ್ಲಿ ಅಂತ ಬೆರಳಿಟ್ಟು ತೋರಿಸಿ. ತಂಗಿಯ ಕಾಗದ ಬಂದಮೇಲೆ ಒಂದು ಪುಟ ಬೇಕಿತ್ತು ಅನ್ನುವುದು ಉಪಯೋಗದ ಮಾತು. ಕೊನೆ ಹೇಗಾಯಿತು ಅಂತ ಹೇಳಬೇಡಿ. ಕೊನೆ ನಿಮ್ಮನ್ನು ಹೇಗೆ ಬಿಟ್ಟಿತು ಅಂತ ಹೇಳಬಹುದು. ನಕ್ಷತ್ರ ಎಷ್ಟು ಅನ್ನುವುದನ್ನು ಎಲ್ಲ ಬರೆದಾದ ಮೇಲೆ ಹಾಕಿ. ಬೇರೆಯವರ ಅಭಿಪ್ರಾಯ ಓದುವುದೂ ಆಮೇಲೆಯೇ. ಮೊದಲೇ ಓದಿದರೆ ಅವರ ಪದಗಳು ನಿಮ್ಮ ಕೈಗೆ ಅಂಟಿಕೊಳ್ಳುತ್ತವೆ.

ಬರೆದಾಗ ಹೇಗಿರಬೇಕು? ಆ ನೆಬ್ರಾಸ್ಕಾ ಪುಸ್ತಕಕ್ಕೆ ನಾನು ಬರೆದದ್ದರ ಮೊದಲ ಸಾಲುಗಳು ಇವು: "1870ರ ದಶಕದ ನೆಬ್ರಾಸ್ಕಾ. ಗಂಡನನ್ನು ಕಳೆದುಕೊಂಡ ಹೆಂಗಸು, 160 ಎಕರೆ, ಇನ್ನು ಹತ್ತು ತಿಂಗಳು. ಇಷ್ಟೇ ಕಥೆ. ಗುಂಡಿನ ಸದ್ದು ಒಂದೇ ಸಲ ಕೇಳುತ್ತದೆ, ಅದೂ ದೂರದಲ್ಲಿ. ಹೊಡೆದಾಟ ಬೇಕಾದವರಿಗೆ ಇದು ಅಲ್ಲ. ಕಿಟಕಿಯ ದೀಪವನ್ನು ಗಮನಿಸುತ್ತಾ ಓದಿ." ಕಾಲ, ಜಾಗ, ಮನುಷ್ಯ ಮೂರೂ ಮೊದಲೇ ಬಂದವು. ಯಾರಿಗೆ ಹಿಡಿಸುವುದಿಲ್ಲ ಅನ್ನುವುದೂ ಬಂತು.

ಬರೆದದ್ದನ್ನು ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಿ. ಆಮೇಲೂ ತಪ್ಪು ಸಿಕ್ಕರೆ ಹಳೆಯದನ್ನು ಅಳಿಸಬೇಡಿ, ಕೆಳಗೆ ತಿದ್ದುಪಡಿ ಸೇರಿಸಿ. ಒಂಟೆಯ ಆ ಅಭಿಪ್ರಾಯ ನನ್ನಲ್ಲಿ ಈಗಲೂ ಹಾಗೇ ಇದೆ. ಕೆಳಗೆ ಹೀಗೆ ಬರೆದಿದ್ದೇನೆ: "ನಾನು ತಪ್ಪು, ಪುಸ್ತಕ ಸರಿ. 1856ರಲ್ಲಿ ಅಮೆರಿಕದ ಸೈನ್ಯ ಮೂವತ್ತಕ್ಕೂ ಹೆಚ್ಚು ಒಂಟೆಗಳನ್ನು ಹಡಗಿನಲ್ಲಿ ತಂದು ಟೆಕ್ಸಸ್‌ನ ಇಂಡಿಯನೋಲಾ ಬಂದರಿನಲ್ಲಿ ಇಳಿಸಿತ್ತು. ಕ್ಯಾಂಪ್ ವರ್ಡೆಯಲ್ಲಿ ಅವುಗಳನ್ನು ಸಾಕಿದರು. ಈಗ ನಾಲ್ಕು ನಕ್ಷತ್ರ."