ಓಶಾದವರು ನಕ್ಕರೆಂದು ದಿನದ ಲೆಕ್ಕ ನಿಲ್ಲುವುದಿಲ್ಲ

ಕಳೆದ ತಿಂಗಳು ಡಾಲಸ್ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ದಾವಣಗೆರೆಯವನು, ಸಿವಿಲ್ ಓದಿದವನು, ಎರಡು ವರ್ಷದಿಂದ ಸ್ವಂತ ರೂಫಿಂಗ್ ಕಂಪನಿ ನಡೆಸುತ್ತಿದ್ದಾನೆ. ‘ಓಶಾದಿಂದ ಲೆಟರ್ ಬಂದಿದೆ ಅಣ್ಣ, ತೊಂದ್ರೆ ಏನಿಲ್ಲ. ಆಫೀಸರ್ ಹತ್ರ ಮಾತಾಡಿದೀನಿ, ತುಂಬಾ ಒಳ್ಳೆ ಮನುಷ್ಯ’ ಅಂದ. ಓಶಾ ಅಂದರೆ ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡುವ, ತಪ್ಪು ಸಿಕ್ಕರೆ ದಂಡದ ನೋಟಿಸು ಕಳಿಸುವ ಸರಕಾರಿ ಸಂಸ್ಥೆ. ಲೆಟರ್ ಕೈಗೆ ಬಂದು ಎಷ್ಟು ದಿನವಾಯಿತು ಅಂತ ಕೇಳಿದೆ. ‘ಹದಿನಾರೋ ಹದಿನೇಳೋ.’ ಶನಿವಾರ, ಭಾನುವಾರ ಕಳೆದು ಲೆಕ್ಕ ಹಾಕಿದರೆ ಉತ್ತರ ಕೊಡುವ ಗಡುವಿಗೆ ಇನ್ನು ಮೂರು ದಿನ ಉಳಿದಿತ್ತು. ಅವನು ಬಚಾವಾದ. ಆರು ವರ್ಷದ ಹಿಂದೆ ನಾನು ಆಗಿರಲಿಲ್ಲ.

ಹೆಲ್ಮೆಟ್ ಹಾಕಿ, ಹಾರ್ನೆಸ್ ಕಟ್ಟಿ ಅಂತ ನಿಮಗೆ ಯಾರೂ ಹೇಳಬೇಕಿಲ್ಲ. ಆರು ಅಡಿ ಮೇಲೆ ಕೆಲಸ ಮಾಡುವವನಿಗೆ ಬೀಳದಂತೆ ರಕ್ಷಣೆ ಬೇಕು, ಐದು ಅಡಿ ಆಳದ ಗುಂಡಿಗೆ ಗಟ್ಟಿ ಬಂಡೆಯಲ್ಲದಿದ್ದರೆ ಆಧಾರ ಬೇಕು. ಇದೆಲ್ಲ ಮೊದಲ ವಾರವೇ ತಿಳಿಯುತ್ತದೆ. ತಿಳಿಯದೆ ಉಳಿಯುವುದು ಇಲ್ಲಿನ ಸರಕಾರ ಕಾಂಟ್ರಾಕ್ಟರ್ ಜೊತೆ ಇಟ್ಟುಕೊಳ್ಳುವ ಸ್ನೇಹದ ಸ್ವರೂಪ. ಸ್ನೇಹ ನಿಜವಾದದ್ದೇ. ಆದರೆ ಅದು ನಮ್ಮೂರಿನ ಸ್ನೇಹವಲ್ಲ.

ಮೊದಲು ನೀವು ಯಾರ ಕೈಕೆಳಗೆ ಇದ್ದೀರಿ ಅಂತ ನೋಡಿಕೊಳ್ಳಿ. 1970ರ ಕಾನೂನಿನಿಂದ ಹುಟ್ಟಿದ ಓಶಾ ಕೇಂದ್ರದ ಸಂಸ್ಥೆ. ಆದರೆ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿಶಿಗನ್, ನಾರ್ತ್ ಕ್ಯಾರೊಲಿನಾದಂಥ ರಾಜ್ಯಗಳು ತಮ್ಮದೇ ವ್ಯವಸ್ಥೆ ನಡೆಸುತ್ತವೆ, ನಿಯಮ ಕೆಲವು ಕಡೆ ಇನ್ನೂ ಬಿಗಿ. ಟೆಕ್ಸಸ್, ಜಾರ್ಜಿಯಾ, ಫ್ಲಾರಿಡಾದಲ್ಲಿ ನೇರ ಓಶಾ. ನಾನು ಬರೆಯುತ್ತಿರುವುದು ಟೆಕ್ಸಸ್ ಅನುಭವ.

ಇಡೀ ಕಟ್ಟಡದ ಕೆಲಸ ಹಿಡಿದ ದೊಡ್ಡ ಜನರಲ್ ಕಾಂಟ್ರಾಕ್ಟರ್‌ಗಳ ಗೇಟಿನಲ್ಲಿ ‘ಓಶಾ ಪಾರ್ಟ್‌ನರ್‌ಶಿಪ್’ ಅಂತ ಬ್ಯಾನರ್ ನೋಡಿರುತ್ತೀರಿ. 1998ರಲ್ಲಿ ಶುರುವಾದ ಯೋಜನೆ ಅದು. ಒಂದು ಪ್ರಾಜೆಕ್ಟ್‌ನ ಕಾಂಟ್ರಾಕ್ಟರ್, ಅವನಿಂದ ತುಂಡು ಕೆಲಸ ಹಿಡಿದ ಸಬ್ ಕಾಂಟ್ರಾಕ್ಟರ್‌ಗಳು (ಸಬ್), ಕೆಲವೊಮ್ಮೆ ಯೂನಿಯನ್, ಓಶಾ ಎಲ್ಲರೂ ಕೂತು ಒಪ್ಪಂದ ಬರೆದು, ಬೀಳುವುದು, ವಿದ್ಯುತ್ ಆಘಾತ ಇಂಥವನ್ನು ಕಡಿಮೆ ಮಾಡಲು ಗುರಿ ಇಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಸಬ್ ಆಗಿ ಒಳಗೆ ಹೋದವರು ಆ ಬ್ಯಾನರನ್ನು ಕೊಡೆ ಅಂದುಕೊಳ್ಳುತ್ತಾರೆ. ಕೂಲಿಯವನೊಬ್ಬ ದೂರು ಕೊಟ್ಟರೆ, ಯಾರಾದರೂ ಬಿದ್ದರೆ, ಇನ್‌ಸ್ಪೆಕ್ಟರ್ ಬಂದೇ ಬರುತ್ತಾನೆ, ನೋಟಿಸು ನಿಮ್ಮ ಹೆಸರಿಗೂ ಬರಬಹುದು. ಒಂದೇ ಸೈಟಿನಲ್ಲಿ ಅಪಾಯ ಹುಟ್ಟಿಸಿದವನು, ಅದಕ್ಕೆ ತನ್ನ ಆಳುಗಳನ್ನು ಒಡ್ಡಿದವನು, ಸರಿಪಡಿಸಬೇಕಾದವನು, ಇಡೀ ಸೈಟಿನ ಹಿಡಿತ ಇರುವವನು, ನಾಲ್ವರಿಗೂ ದಂಡ ಹಾಕಲು ದಾರಿ ಇದೆ. ‘ಹಲಗೆ ಕಟ್ಟಿದ್ದು ನಾವಲ್ಲ ಸಾರ್’ ಅನ್ನುವುದು ಇಲ್ಲಿ ನಡೆಯದು.

ಈಗ ನನ್ನ ಕಥೆ.

ಮೂವರು ಹುಡುಗರು ಹಗ್ಗವಿಲ್ಲದೆ ಎರಡನೇ ಮಹಡಿಯ ಸೂರಿನ ಮೇಲಿದ್ದಾಗ ಓಶಾದ ಅಧಿಕಾರಿ ಬಂದರು. ಫೋಟೊ ತೆಗೆದರು, ಹುಡುಗರನ್ನು ಬೇರೆ ಕರೆದು ಮಾತಾಡಿಸಿದರು. ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಸೈಟ್ ಎಂಜಿನಿಯರ್ ಆಗಿದ್ದವನು, ಅಭ್ಯಾಸಬಲದಿಂದ ‘ಊಟ ಮಾಡಿಕೊಂಡು ಹೋಗಿ’ ಅಂದೆ. ಅವರು ಕಾರಿನಲ್ಲಿದ್ದ ತಮ್ಮ ಡಬ್ಬಿ ತೋರಿಸಿ ನಕ್ಕರು. (ಊಟಕ್ಕಿಂತ ಮುಂದಿನದನ್ನು ನೆನೆಸಲೂ ಬೇಡಿ. ಫೆಡರಲ್ ನೌಕರನಿಗೆ ಲಂಚ ಅಂದರೆ ಜೈಲು, ವೀಸಾದಲ್ಲಿ ಇರುವವನಿಗೆ ಅದರ ಜೊತೆ ಗಡೀಪಾರು.)

ಕೆಲವು ವಾರದ ನಂತರ ನೋಟಿಸು ಬಂತು. ದಂಡ ಹನ್ನೆರಡು ಸಾವಿರ ಡಾಲರ್ ಚಿಲ್ಲರೆ, ವರ್ಗ ‘ಸೀರಿಯಸ್’. ಜೊತೆಗೆ ಬೇಕಾದರೆ ಅನೌಪಚಾರಿಕ ಭೇಟಿಗೆ ಬನ್ನಿ ಅನ್ನುವ ಆಹ್ವಾನ. ಹೋದೆ. ಓಶಾದ ಸ್ಥಳೀಯ ಕಚೇರಿಯ ಮುಖ್ಯಸ್ಥ, ಏರಿಯಾ ಡೈರೆಕ್ಟರ್, ಸೌಜನ್ಯದ ಮೂರ್ತಿ. ಹೊಸ ಹಗ್ಗ, ಆಂಕರ್, ತರಬೇತಿಯ ಫೋಟೊ ತೋರಿಸಿದೆ, ಮೆಚ್ಚಿದರು. ದಂಡ ಅರ್ಧಕ್ಕೂ ಕೆಳಗೆ ಇಳಿಸಿ, ವರ್ಗವನ್ನೂ ತಗ್ಗಿಸಿ ಒಂದು ಒಪ್ಪಂದದ ಕಾಗದ ಕೊಟ್ಟರು. ‘ಅಕೌಂಟೆಂಟಿಗೆ ತೋರಿಸಿ ಸಹಿ ಮಾಡಿ ತರುತ್ತೇನೆ’ ಅಂದು ಕೈ ಕುಲುಕಿ ಬಂದೆ. ಮಾತು ಮುಗಿಯಿತಲ್ಲ, ಕಾಗದ ನಾಳೆ ಕೊಟ್ಟರಾಯಿತು.

ಐದು ದಿನ ಬಿಟ್ಟು ಸಹಿ ಹಾಕಿಸಿಕೊಂಡು ಹೋದರೆ ಅದೇ ಮನುಷ್ಯ, ಅದೇ ನಗು, ‘ಕ್ಷಮಿಸಿ, ಈಗ ನನ್ನ ಕೈಯಲ್ಲಿ ಏನೂ ಇಲ್ಲ’ ಅಂದರು.

ಕಾನೂನು ಇಷ್ಟೇ. ನೋಟಿಸು ಕೈಸೇರಿದ ಮೇಲೆ 15 ಕೆಲಸದ ದಿನ. ಅಷ್ಟರೊಳಗೆ ಒಪ್ಪಂದಕ್ಕೆ ಸಹಿಯಾಗಬೇಕು, ಇಲ್ಲವೇ ‘ನಾನು ಇದನ್ನು ಒಪ್ಪುವುದಿಲ್ಲ’ ಅಂತ ಬರಹದಲ್ಲಿ ಏರಿಯಾ ಆಫೀಸಿಗೆ ಮುಟ್ಟಿಸಬೇಕು. ಭೇಟಿಗೆ ಹೋದದ್ದು ಆ ಗಡುವನ್ನು ಒಂದು ದಿನವೂ ಮುಂದೂಡುವುದಿಲ್ಲ. ಬಾಯಲ್ಲಿ ಹೇಳಿದ ತಕರಾರು ತಕರಾರೇ ಅಲ್ಲ. ಗಡುವು ದಾಟಿದರೆ ನೋಟಿಸಿನಲ್ಲಿ ಇದ್ದದ್ದೇ ಅಂತಿಮ ಆದೇಶ. ನನ್ನದು 17ನೇ ದಿನ. ಫೆಡರಲ್ ರಜೆ ಲೆಕ್ಕದಿಂದ ಬಿಡುತ್ತಾರೆ ನಿಜ, ಯುಗಾದಿ ಬಿಡುವುದಿಲ್ಲ.

ಹಣ ಹೋಯಿತು, ಅದು ಸಣ್ಣ ನೋವು. ದೊಡ್ಡದು ಆಮೇಲೆ ಬಂತು. ‘ಸೀರಿಯಸ್’ ದಾಖಲೆ ಓಶಾದ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿದರೆ ಯಾರಿಗೂ ಕಾಣುತ್ತದೆ. ಜನರಲ್ ಕಾಂಟ್ರಾಕ್ಟರ್‌ಗಳು ಟೆಂಡರ್ ಕೊಡುವ ಮುಂಚೆ ಅದನ್ನೇ ನೋಡುತ್ತಾರೆ, ಎರಡು ಕೆಲಸ ಕೈತಪ್ಪಿತು. ಇನ್ನು ಅದೇ ತಪ್ಪು ಮುಂದಿನ ಐದು ವರ್ಷದೊಳಗೆ ಮತ್ತೆ ಸಿಕ್ಕರೆ ‘ರಿಪೀಟ್’. 2025ರ ದರದಲ್ಲಿ ಸೀರಿಯಸ್‌ಗೆ ಗರಿಷ್ಠ 16,550 ಡಾಲರ್, ರಿಪೀಟ್‌ಗೆ 1,65,514. ಐದು ವರ್ಷ ನಾನು ಸೂರು ಕಂಡರೆ ಬೆವರುತ್ತಿದ್ದೆ.

ಅದಕ್ಕೇ ಹೇಳುವುದು: ಭೇಟಿಗೆ ಮೊದಲ ವಾರವೇ ದಿನ ಕೇಳಿ. ಒಪ್ಪಂದ ಸರಿ ಕಂಡರೆ ಅಲ್ಲೇ ಸಹಿ ಹಾಕಿ. ಹಾಕಿದ ಮೇಲೆ ತಕರಾರಿನ ಹಕ್ಕು ಹೋಗುತ್ತದೆ, ಆದ್ದರಿಂದ ಅನುಮಾನವಿದ್ದರೆ ತಕರಾರಿನ ಪತ್ರ ಕೊಟ್ಟು ಆಮೇಲೆ ಯೋಚಿಸಿ.

ಇದೆಲ್ಲಕ್ಕೂ ಮೊದಲೇ ಒಂದು ದಾರಿ ಇತ್ತು, ನನಗೆ ಯಾರೂ ಹೇಳಿರಲಿಲ್ಲ. ಸಣ್ಣ ಕಂಪನಿಗಳಿಗೆ ಪುಕ್ಕಟೆಯಾಗಿ ಸೈಟಿಗೆ ಬಂದು ತಪ್ಪು ತೋರಿಸುವ ಸಲಹಾ ಸೇವೆ ಪ್ರತಿ ರಾಜ್ಯದಲ್ಲೂ ಇದೆ. ಟೆಕ್ಸಸ್‌ನಲ್ಲಿ ರಾಜ್ಯದ ವಿಮಾ ಇಲಾಖೆ ನಡೆಸುತ್ತದೆ, ಹೆಸರು ಓಶ್‌ಕಾನ್. ಜಾರ್ಜಿಯಾದಲ್ಲಿ ಜಾರ್ಜಿಯಾ ಟೆಕ್. ದಂಡ ಹಾಕುವುದಿಲ್ಲ, ಓಶಾಕ್ಕೆ ಚಾಡಿ ಹೇಳುವುದಿಲ್ಲ. ಆದರೆ ಗಂಭೀರ ಅಪಾಯ ಅಂತ ತೋರಿಸಿದ್ದನ್ನು ಒಪ್ಪಿದ ದಿನದೊಳಗೆ ಸರಿಪಡಿಸಲೇಬೇಕು, ಇಲ್ಲದಿದ್ದರೆ ವಿಷಯ ಓಶಾಕ್ಕೆ ಹೋಗುತ್ತದೆ. ಓಶಾ ತಪಾಸಣೆ ನಡೆಯುತ್ತಿರುವಾಗ ಕರೆದರೆ ಇವರು ಬರುವುದಿಲ್ಲ. ಸಾಲು ಇರುತ್ತದೆ, ಕಾಯಿರಿ.

ತರಬೇತಿ ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು, ನನ್ನವರಿಗೆ ಅದು ಸ್ಪ್ಯಾನಿಷ್. ಬೆಂಗಳೂರಿನಲ್ಲಿ ಯಾದಗಿರಿ, ರಾಯಚೂರಿನ ಕೂಲಿಯವರ ಮುಂದೆ ಇಂಗ್ಲಿಷಿನಲ್ಲಿ ಸೇಫ್ಟಿ ಟಾಕ್ ಓದಿ ಸಹಿ ಹಾಕಿಸಿಕೊಂಡವನು ನಾನೇ.

ಹಾಗಂತ ಇಲ್ಲಿನದೆಲ್ಲ ಮೇಲು ಅನ್ನಲಾರೆ. ದುಬೈಯಲ್ಲಿರುವ ನನ್ನ ಭಾವ ನಗುತ್ತಾನೆ: ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ನಿಷೇಧ. ಟೆಕ್ಸಸ್‌ನಲ್ಲಿ ಡಾಲಸ್, ಆಸ್ಟಿನ್ ನಗರಗಳು ನಾಲ್ಕು ತಾಸಿಗೆ ಹತ್ತು ನಿಮಿಷ ನೀರಿನ ವಿರಾಮ ಕಡ್ಡಾಯ ಮಾಡಿದ್ದವು, 2023ರಲ್ಲಿ ರಾಜ್ಯದ ಶಾಸನಸಭೆ ಅಂಥ ಊರ ನಿಯಮಗಳನ್ನೇ ಕಿತ್ತುಹಾಕುವ ಕಾನೂನು ಮಾಡಿತು. ಖಾಸಗಿ ಮಾಲೀಕ ಕಾರ್ಮಿಕ ಪರಿಹಾರ ವಿಮೆ ಮಾಡಿಸದೆಯೂ ಇರಬಹುದು ಇಲ್ಲಿ. ನಮ್ಮಲ್ಲಿ 1996ರ ಕಾನೂನಿನಿಂದ ಶುರುವಾದ, ಕಟ್ಟಡದ ವೆಚ್ಚದ ಮೇಲಿನ ಶೇ. 1ರ ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದಲ್ಲ, ಅಂಥದೊಂದನ್ನು ನಾನು ಇಲ್ಲಿ ಕಂಡಿಲ್ಲ.

ದಾವಣಗೆರೆಯ ಹುಡುಗ ಮರುದಿನವೇ ಹೋಗಿ ಸಹಿ ಮಾಡಿದ. ಸಂಜೆ ಕಾಗದದ ಫೋಟೊ ಕಳಿಸಿದ, ಕೆಳಗೆ ಒಂದು ಪ್ರಶ್ನೆ: ‘ಅಣ್ಣ, ನೋಟಿಸನ್ನು ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸ್ಬೇಕಂತೆ, ಅದು ನಿಜವಾ?’ ನಿಜ. ಕನಿಷ್ಠ ಮೂರು ಕೆಲಸದ ದಿನ, ತಪ್ಪು ಸರಿಯಾಗದಿದ್ದರೆ ಸರಿಯಾಗುವವರೆಗೆ.