ಅಲೆಕ್ಸಾಂಡರ್ ಸ್ಕಾರ್ಸ್‌ಗಾರ್ಡ್ ಅವರ ನಟನಾ ಬದುಕನ್ನು ಯಾವ ಕ್ರಮದಲ್ಲಿ ನೋಡಬೇಕು

ಸ್ವೀಡನ್ನಿನ ನಟ ಅಲೆಕ್ಸಾಂಡರ್ ಸ್ಕಾರ್ಸ್‌ಗಾರ್ಡ್ ಅವರ ಕೆಲಸವನ್ನು ಗಂಭೀರವಾಗಿ ನೋಡಬೇಕೆಂದು ಹೊರಟವರಿಗೆ ಮೊಟ್ಟಮೊದಲು ಎದುರಾಗುವುದು ಅವರ ಮನೆತನ. ತಂದೆ ಸ್ಟೆಲ್ಲನ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ರಂಗಭೂಮಿ, ಸಿನಿಮಾ, ಟೆಲಿವಿಷನ್ ಈ ಮೂರರಲ್ಲೂ ಹೆಸರು ಮಾಡಿದವರು. ತಮ್ಮಂದಿರಾದ ಗುಸ್ತಾಫ್, ಬಿಲ್ ಮತ್ತು ವಾಲ್ಟರ್ ಕೂಡ ನಟರೇ. ಆದ್ದರಿಂದ ಹೆಚ್ಚಿನವರು ವಂಶಾವಳಿಯಿಂದ ಆರಂಭಿಸಿ, ಮಗ ತಂದೆಯನ್ನು ಎಷ್ಟು ಹೋಲುತ್ತಾನೆ, ಅಣ್ಣ ತಮ್ಮಂದಿರಲ್ಲಿ ಯಾರು ಮೇಲು ಎಂಬ ಲೆಕ್ಕಾಚಾರದಲ್ಲಿ ತೊಡಗುತ್ತಾರೆ. ಆ ದಾರಿಯಲ್ಲಿ ಹೋದವರಿಗೆ ಈ ನಟನ ವಿಶೇಷವೇನೆಂಬುದು ಕೊನೆಯವರೆಗೂ ಕಾಣುವುದಿಲ್ಲ. ಅವರು ನಟನೆಯನ್ನು ಬಿಟ್ಟು ದೂರವಿದ್ದ ವರ್ಷಗಳಿಂದ ಆರಂಭಿಸಿ, ಅನಂತರ ಪಾತ್ರಗಳಿಗೆ ಬಂದು, ಮನೆತನವನ್ನು ಕೊನೆಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ.

ಮೊದಲು ಬದುಕಿನ ಕಾಲರೇಖೆಯನ್ನು ಬರೆದುಕೊಳ್ಳಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ವರ್ಷಗಳನ್ನು ಮೇಲಿನಿಂದ ಕೆಳಕ್ಕೆ ಬರೆದುಕೊಳ್ಳಿ. 1976ರ ಆಗಸ್ಟ್ 25ರಂದು ಸ್ಟಾಕ್‌ಹೋಮ್‌ನಲ್ಲಿ ಜನನ. ಬೆಳೆದದ್ದು ಅದೇ ನಗರದ ಸೋಡರ್ಮಾಲ್ಮ್ ಪ್ರದೇಶದಲ್ಲಿ. ತಾಯಿ ವೈದ್ಯೆ. ತಂದೆ ಆಗ ಸ್ವೀಡನ್ನಿನ ರಾಷ್ಟ್ರೀಯ ರಂಗಮಂದಿರವಾದ ಡ್ರಾಮಾಟೆನ್‌ನ ಖಾಯಂ ತಂಡದಲ್ಲಿದ್ದರು. ಅಲೆಕ್ಸಾಂಡರ್ ಬಾಲನಟನಾಗಿ ಕಾಣಿಸಿಕೊಂಡದ್ದು ಅಲ್ಲನ್ ಎಡ್ವಾಲ್ ನಿರ್ದೇಶನದ, 1984ರ 'ಓಕೆ ಓಕ್ ಹಾನ್ಸ್ ವಾರ್ಲ್ಡ್' ಚಿತ್ರದಲ್ಲಿ. 1989ರಲ್ಲಿ 'ಹುಂಡೆನ್ ಸೊಮ್ ಲೋಗ್' ಎಂಬ ಟೆಲಿವಿಷನ್ ಚಿತ್ರ ಬಂದಾಗ ಹದಿಮೂರರ ಹುಡುಗನನ್ನು ಸ್ವೀಡನ್ನಿನ ಜನ ಬೀದಿಯಲ್ಲಿ ಗುರುತಿಸತೊಡಗಿದರು. ಆ ಗುರುತು ಹುಡುಗನಿಗೆ ಒಗ್ಗಲಿಲ್ಲ, ನಟನೆಯನ್ನೇ ನಿಲ್ಲಿಸಿಬಿಟ್ಟ.

ಇದರ ಮುಂದಿನ ಸಾಲುಗಳ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಸ್ವೀಡನ್ನಿನ ನೌಕಾಪಡೆಯನ್ನು ಸೇರಿ, ಸ್ಟಾಕ್‌ಹೋಮ್ ಸುತ್ತಲಿನ ದ್ವೀಪಸಮೂಹದಲ್ಲಿ ಭಯೋತ್ಪಾದನೆ ಮತ್ತು ವಿಧ್ವಂಸಕ ಕೃತ್ಯಗಳನ್ನು ತಡೆಯುವ ಘಟಕದಲ್ಲಿ ಸೇವೆ ಸಲ್ಲಿಸಿದರು. ಆ ಬಳಿಕ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಕೆಲವು ಕಾಲ ಇಂಗ್ಲಿಷ್ ಓದಿದರು. ಅಲ್ಲಿಂದ ನ್ಯೂಯಾರ್ಕಿಗೆ ಬಂದು ಮೇರಿಮೌಂಟ್ ಮ್ಯಾನ್‌ಹಟನ್ ಕಾಲೇಜಿನಲ್ಲಿ ರಂಗಭೂಮಿಯ ಪಾಠಕ್ಕೆ ಕುಳಿತರು. ತಂದೆಯ ಹೆಸರೇ ಸಾಕಾಗಿದ್ದ ದೇಶದಲ್ಲಿ ಹುಟ್ಟಿದವರು ಹೊರದೇಶಕ್ಕೆ ಹೋಗಿ, ಯಾರೂ ಗುರುತಿಸದ ಊರಿನಲ್ಲಿ ಮತ್ತೆ ಮೊದಲಿನಿಂದ ಕಲಿತರು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಅವರ ಸೈನಿಕ ಪಾತ್ರಗಳನ್ನು ನೋಡುವಾಗ ಈ ವರ್ಷಗಳು ನೇರವಾಗಿ ಕೆಲಸಕ್ಕೆ ಬರುತ್ತವೆ.

ಸ್ವೀಡನ್ನಿಗೆ ಮರಳಿದ ಮೇಲೆ ಟೆಲಿವಿಷನ್ ಧಾರಾವಾಹಿಗಳಲ್ಲಿ, ಚಿತ್ರಗಳಲ್ಲಿ ಅವಕಾಶಗಳು ಬಂದವು. ಲಾಸ್ ಏಂಜಲೀಸಿನಲ್ಲಿದ್ದ ತಂದೆಯನ್ನು ನೋಡಲು ಹೋದಾಗ ಒಂದು ಆಡಿಷನ್‌ಗೆ ಹೋಗಿಬಂದ ಫಲವಾಗಿ 2001ರ 'ಝೂಲ್ಯಾಂಡರ್' ಹಾಸ್ಯಚಿತ್ರದಲ್ಲಿ ದಡ್ಡ ಮಾಡೆಲ್ ಒಬ್ಬನ ಚಿಕ್ಕ ಪಾತ್ರವೂ ಸಿಕ್ಕಿತು. ಪೆಟ್ರೋಲ್ ಬಂಕಿನಲ್ಲಿ ಗೆಳೆಯರೊಡನೆ ಪೆಟ್ರೋಲ್ ಎರಚಾಡಿ ಸಾಯುವ ಆ ದೃಶ್ಯ ಕೆಲವೇ ನಿಮಿಷಗಳದ್ದು. ಆದರೆ ತನ್ನ ರೂಪವನ್ನು ತಾನೇ ಗೇಲಿ ಮಾಡಿಕೊಳ್ಳುವ ಇವರ ಗುಣ ಅಲ್ಲೇ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಅದನ್ನೂ ಗುರುತಿಸಿ ಮುಂದೆ ಹೋಗಿ.

ನೋಡಲು ಆರಂಭಿಸಬೇಕಾದದ್ದು 'ಜನರೇಷನ್ ಕಿಲ್'

ಎಚ್‌ಬಿಓ 2008ರಲ್ಲಿ ಪ್ರಸಾರ ಮಾಡಿದ ಈ ಕಿರುಸರಣಿಗೆ ಏಳು ಕಂತುಗಳಿವೆ. 2003ರಲ್ಲಿ ಇರಾಕಿನ ಮೇಲೆ ಅಮೆರಿಕ ನಡೆಸಿದ ದಾಳಿಯ ಮುಂಚೂಣಿಯಲ್ಲಿದ್ದ ನೌಕಾ ಪದಾತಿ ಪಡೆಯ ಒಂದು ತುಕಡಿಯ ಕಥೆ ಇದು. ಪಡೆಯೊಡನೆ ಪ್ರಯಾಣಿಸಿದ್ದ ಪತ್ರಕರ್ತ ಇವಾನ್ ರೈಟ್ ಅವರ ಪುಸ್ತಕವನ್ನು ಆಧರಿಸಿ ಡೇವಿಡ್ ಸೈಮನ್ ಮತ್ತು ಎಡ್ ಬರ್ನ್ಸ್ ಇದನ್ನು ರೂಪಿಸಿದರು. ಚಿತ್ರೀಕರಣ ನಡೆದದ್ದು ಆಫ್ರಿಕಾದಲ್ಲಿ. ಅಲೆಕ್ಸಾಂಡರ್ ಇಲ್ಲಿ ನಿರ್ವಹಿಸಿದ ಸಾರ್ಜೆಂಟ್ ಬ್ರ್ಯಾಡ್ ಕೋಲ್ಬರ್ಟ್ ನಿಜಜೀವನದ ವ್ಯಕ್ತಿ. ಸಹಸೈನಿಕರು ಅವನನ್ನು 'ಐಸ್‌ಮ್ಯಾನ್' ಎಂದು ಕರೆಯುತ್ತಾರೆ.

ಸರಣಿಯನ್ನು ಒಂದೇ ಓಟದಲ್ಲಿ ನೋಡಬೇಡಿ. ದಿನಕ್ಕೆ ಒಂದು ಕಂತು ಸಾಕು. ಮೊದಲ ಎರಡು ಕಂತುಗಳಲ್ಲಿ ಯಾರು ಯಾರು, ರೇಡಿಯೋದಲ್ಲಿ ಯಾವ ಸಂಕೇತನಾಮ ಯಾರದು ಎಂಬುದೇ ಗೊಂದಲವಾಗುತ್ತದೆ. ಅದು ಸಹಜ, ಸೈನಿಕರ ಪರಿಭಾಷೆಯನ್ನು ವಿವರಿಸುವ ಗೋಜಿಗೆ ಸರಣಿ ಹೋಗುವುದಿಲ್ಲ. ಸಬ್‌ಟೈಟಲ್ ಹಾಕಿಕೊಳ್ಳಿ, ಆದರೆ ಕಣ್ಣನ್ನು ಮಾತ್ರ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತ ಆ ಎತ್ತರದ ಮನುಷ್ಯನ ಮೇಲೆ ಇಡಿ. ಸುತ್ತಲಿನವರೆಲ್ಲ ಎಡೆಬಿಡದೆ ಮಾತನಾಡುತ್ತಿರುವಾಗ ಅವನು ಅಗತ್ಯವಿದ್ದಷ್ಟೇ ಮಾತನಾಡುತ್ತಾನೆ, ಮೇಲಧಿಕಾರಿಯ ಮೂರ್ಖ ಆದೇಶ ಕೇಳಿದಾಗ ಮುಖದಲ್ಲಿ ಏನನ್ನೂ ತೋರದೆ ಒಂದು ಕ್ಷಣ ತಡೆಯುತ್ತಾನೆ, ಆ ತಡೆಯಲ್ಲೇ ಪಾತ್ರದ ಎಲ್ಲ ಅಸಮ್ಮತಿಯೂ ಇರುತ್ತದೆ. ಹೀಗೆ ಭಾವವನ್ನು ಮುಖಕ್ಕೆ ಬರಗೊಡದೆ ಕಾಯಿಸುವುದು ಅವರ ಮುಖ್ಯ ಸಾಧನ. ಇದನ್ನು ಇಲ್ಲಿ ಸರಿಯಾಗಿ ಗುರುತಿಸಿಕೊಂಡರೆ ಉಳಿದ ಚಿತ್ರಗಳಲ್ಲಿ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಹಿಂಬಾಲಿಸಬಹುದು.

ಅದೇ 2008ರಲ್ಲಿ ಆರಂಭವಾಗಿ 2014ರವರೆಗೆ ಏಳು ಸೀಸನ್ ನಡೆದ 'ಟ್ರೂ ಬ್ಲಡ್' ಅವರಿಗೆ ಜಗತ್ತಿನಾದ್ಯಂತ ಅಭಿಮಾನಿಗಳನ್ನು ತಂದುಕೊಟ್ಟಿತು. ಸಾವಿರ ವರ್ಷ ಹಳೆಯ ವೈಕಿಂಗ್ ರಕ್ತಪಿಶಾಚಿ ಎರಿಕ್ ನಾರ್ತ್‌ಮನ್ ಅವರ ಪಾತ್ರ. ಇದನ್ನು ಪೂರ್ತಿ ನೋಡಲೇಬೇಕೆಂದು ನಾನು ಹೇಳಲಾರೆ; ಮೊದಲ ಎರಡು ಸೀಸನ್ ನೋಡಿದರೆ ಪಾತ್ರದ ಹದ ತಿಳಿಯುತ್ತದೆ, ಮುಂದಿನದು ನಿಮ್ಮ ಸಹನೆಗೆ ಬಿಟ್ಟದ್ದು.

ಎರಡನೆಯ ಹಂತ: ಜನ ಮೆಚ್ಚದ ಪಾತ್ರಗಳು

6 ಅಡಿ 4 ಅಂಗುಲ ಎತ್ತರ, ಹೊಂಬಣ್ಣದ ಕೂದಲು, ಶಿಲ್ಪದಂಥ ದವಡೆ ಇರುವ ನಟನಿಗೆ ಹಾಲಿವುಡ್ ಮೊದಲು ಕೊಡುವುದು ನಾಯಕನ ಪಾತ್ರವನ್ನು. ಡೇವಿಡ್ ಯೇಟ್ಸ್ ನಿರ್ದೇಶಿಸಿದ 2016ರ 'ದ ಲೆಜೆಂಡ್ ಆಫ್ ಟಾರ್ಜನ್' ಅಂಥದ್ದು. ಅದಕ್ಕಾಗಿ ದೇಹವನ್ನು ಅವರು ಎಷ್ಟು ಹುರಿಗೊಳಿಸಿದ್ದರು ಎಂಬುದು ತೆರೆಯ ಮೇಲೆ ಕಾಣುತ್ತದೆ. ಅದರಾಚೆಗೆ ಅಲ್ಲಿ ನಟನಿಗೆ ಮಾಡಲು ಇರುವುದು ಕಡಿಮೆ. ಅದನ್ನು ಬದಿಗಿಟ್ಟು, ಅದರ ಹಿಂದುಮುಂದಿನ ಎರಡು ಕೃತಿಗಳನ್ನು ಜೋಡಿಯಾಗಿ ನೋಡಿ.

ಒಂದು, ಮರಿಯೆಲ್ ಹೆಲ್ಲರ್ ನಿರ್ದೇಶನದ 2015ರ 'ದ ಡೈರಿ ಆಫ್ ಎ ಟೀನೇಜ್ ಗರ್ಲ್'. 1970ರ ದಶಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹದಿಹರೆಯದ ಹುಡುಗಿಯನ್ನು ಬಳಸಿಕೊಳ್ಳುವ ಆಕೆಯ ತಾಯಿಯ ಗೆಳೆಯನಾಗಿ ಅವರು ನಟಿಸಿದ್ದಾರೆ. ಇನ್ನೊಂದು, 2017ರ 'ಬಿಗ್ ಲಿಟಲ್ ಲೈಸ್' ಸರಣಿ. ನಿಕೋಲ್ ಕಿಡ್‌ಮನ್ ಪಾತ್ರದ ಗಂಡ ಪೆರ್ರಿ ರೈಟ್, ಹೊರಗಿನವರ ಕಣ್ಣಿಗೆ ಆದರ್ಶ ಪತಿ, ಕೋಣೆಯೊಳಗೆ ಹೆಂಡತಿಯನ್ನು ಹೊಡೆಯುವವನು. ಎರಡೂ ವಯಸ್ಕರಿಗೆ ಮಾತ್ರ ತಕ್ಕವು. ಕೌಟುಂಬಿಕ ಹಿಂಸೆಯ ದೃಶ್ಯಗಳನ್ನು ನೋಡಲಾಗದವರು ಎರಡನೆಯದನ್ನು ಬಿಡುವುದೇ ಒಳಿತು. ನೋಡುವವರು ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನೋಡಬೇಕು: ಪ್ರೇಕ್ಷಕರ ಕ್ಷಮೆಯನ್ನು ನಟ ಎಲ್ಲಾದರೂ ಬೇಡುತ್ತಾನೆಯೇ? ಮೊದಲನೆಯದರಲ್ಲಿ ಪುರುಷನ ದೌರ್ಬಲ್ಯವನ್ನು, ಬೆಳೆಯದೆ ಉಳಿದ ಮನಸ್ಸನ್ನು ತೋರಿಸುತ್ತಾರೆ. ಎರಡನೆಯದರಲ್ಲಿ ಹೊಡೆತದ ಮರುಗಳಿಗೆ ಬರುವ ಪಶ್ಚಾತ್ತಾಪ ನಿಜವೆಂದೇ ತೋರುತ್ತದೆ, ಅದು ನಿಜವೆಂದು ತೋರುವುದರಿಂದಲೇ ಹೆಂಡತಿ ಮನೆ ಬಿಡಲಾರದೆ ಇರುವುದು ನಮಗೆ ಅರ್ಥವಾಗುತ್ತದೆ. ತಾನು ಖಳನೆಂದು ನಟ ಮೊದಲೇ ಸೂಚಿಸಿಬಿಟ್ಟಿದ್ದರೆ ಆ ಸರಣಿ ಕುಸಿದುಬೀಳುತ್ತಿತ್ತು. 2017ರ ಎಮ್ಮಿ, 2018ರ ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳೆರಡೂ ಈ ಪಾತ್ರಕ್ಕೇ ಬಂದವು.

ಮೂರನೆಯ ಹಂತ: ಒಂದೇ ವೈಕಿಂಗ್ ಚಹರೆಗೆ ಎರಡು ಬಳಕೆ

ರಾಬರ್ಟ್ ಎಗ್ಗರ್ಸ್ ನಿರ್ದೇಶಿಸಿದ 2022ರ 'ದ ನಾರ್ತ್‌ಮನ್' ಚಿತ್ರಕ್ಕೆ ಅಲೆಕ್ಸಾಂಡರ್ ನಾಯಕರಷ್ಟೇ ಅಲ್ಲ, ನಿರ್ಮಾಪಕರಲ್ಲಿ ಒಬ್ಬರು. ವೈಕಿಂಗ್ ಕಾಲದ ಚಿತ್ರವೊಂದನ್ನು ಮಾಡಬೇಕೆಂಬುದು ಅವರ ಹಲವು ವರ್ಷಗಳ ಹಂಬಲವಾಗಿತ್ತು. ಎಗ್ಗರ್ಸ್ ಜೊತೆ ಐಸ್‌ಲ್ಯಾಂಡಿನ ಕವಿ ಸ್ಯೋನ್ ಚಿತ್ರಕಥೆ ಬರೆದರು. ಮಧ್ಯಯುಗದ ಡ್ಯಾನಿಷ್ ಚರಿತ್ರೆಕಾರ ಸ್ಯಾಕ್ಸೋ ಗ್ರಮಾಟಿಕಸ್ ಬರೆದಿಟ್ಟ ಆಮ್ಲೆತ್‌ನ ಐತಿಹ್ಯ ಇದರ ಮೂಲ. ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ನ ಬೇರೂ ಅದೇ. ಚಿತ್ರ ನೋಡುವ ಮೊದಲು ಆ ನಾಟಕದ ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳಿ, ಏಕೆಂದರೆ ಯೋಚಿಸುತ್ತ ತಡಮಾಡುವ ರಾಜಕುಮಾರನ ಜಾಗದಲ್ಲಿ ಇಲ್ಲಿ ಬಹುಮಟ್ಟಿಗೆ ಮಾತಿಲ್ಲದ, ಬಾಗಿದ ಭುಜಗಳ, ಮೃಗದಂತೆ ನಡೆಯುವ ಮನುಷ್ಯನಿದ್ದಾನೆ. ಹಳ್ಳಿಯ ಮೇಲಿನ ದಾಳಿಯ ದೃಶ್ಯ ಕತ್ತರಿಯಿಲ್ಲದ ಒಂದೇ ಹರಿವಿನಂತೆ ಸಾಗುತ್ತದೆ. ಅಲ್ಲಿ ಅವರ ನಡಿಗೆಯ ಲಯವನ್ನು ಗಮನಿಸಿ.

ಇದಾದ ಕೂಡಲೇ, ನಡುವೆ ಬೇರೇನನ್ನೂ ನೋಡದೆ, 'ಸಕ್ಸೆಷನ್' ಸರಣಿಯ ಮೂರು ಮತ್ತು ನಾಲ್ಕನೆಯ ಸೀಸನ್‌ಗಳಲ್ಲಿ ಅವರು ಬರುವ ಕಂತುಗಳಿಗೆ ಹೋಗಿ. ಲ್ಯೂಕಸ್ ಮ್ಯಾಟ್ಸನ್ ಒಬ್ಬ ಸ್ವೀಡಿಷ್ ತಂತ್ರಜ್ಞಾನ ಉದ್ಯಮಿ. ಅಮೆರಿಕದ ಮಾಧ್ಯಮ ಸಾಮ್ರಾಜ್ಯವನ್ನೇ ಕೊಳ್ಳಲು ಬಂದವನು. ಅದೇ ಎತ್ತರ, ಅದೇ ಉತ್ತರದೇಶದ ಚಹರೆ. ಆದರೆ ಈಗ ಅದು ಬೇಸರಗೊಂಡ, ಉದ್ಧಟ ಕೋಟ್ಯಧಿಪತಿಯದು. ಎಲ್ಲಿಯೂ ನೆಟ್ಟಗೆ ಕುಳಿತುಕೊಳ್ಳದೆ, ಎದುರಿನವರನ್ನು ಆಟಿಕೆಯಂತೆ ಕದಲಿಸುತ್ತ, ಅವರು ಮಾತಿನ ಕೊನೆಯನ್ನು ಎಳೆದುಬಿಡುವ ರೀತಿ ನಗು ತರಿಸುತ್ತದೆ, ಸ್ವಲ್ಪ ಹೆದರಿಸುತ್ತದೆ ಕೂಡ. ನನ್ನ ಮಟ್ಟಿಗೆ ಇದು ಅವರ ಅತ್ಯುತ್ತಮ ಪಾತ್ರ. 'ಝೂಲ್ಯಾಂಡರ್'ನ ಸಾಲನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಿದ್ದರೆ ಈಗ ಅಲ್ಲಿಗೊಂದು ಬಾಣ ಎಳೆಯಿರಿ.

ಈ ಹಂತಕ್ಕೆ 2025ರ 'ಮರ್ಡರ್‌ಬಾಟ್' ಅನ್ನು ಸೇರಿಸಬಹುದು. ಮಾರ್ತಾ ವೆಲ್ಸ್ ಅವರ ಕೃತಿಯನ್ನು ಆಧರಿಸಿದ ಈ ಸರಣಿಯಲ್ಲಿ ಅವರದು ಮನುಷ್ಯರ ಸಹವಾಸವನ್ನೇ ಬಯಸದ ಯಂತ್ರಮಾನವ. ಮನಸ್ಸಿನ ಮಾತೆಲ್ಲ ಹಿನ್ನೆಲೆಯ ಧ್ವನಿಯಲ್ಲಿ ಹರಿಯುತ್ತದೆ, ಮುಖ ಮಾತ್ರ ಅಲುಗುವುದಿಲ್ಲ. ಐಸ್‌ಮ್ಯಾನ್‌ನ ಮೌನ ಇಲ್ಲಿ ಹಾಸ್ಯದ ಸರಕಾಗಿದೆ.

ಮನೆತನಕ್ಕೆ ಬರುವುದು ಈಗ

ಸ್ಟೆಲ್ಲನ್ ಅವರು 1968ರಲ್ಲಿ ಟೆಲಿವಿಷನ್ ಸರಣಿಯೊಂದರಿಂದ ಹದಿಹರೆಯದಲ್ಲೇ ಪ್ರಸಿದ್ಧರಾದರು. 1972ರಿಂದ 1988ರವರೆಗೆ ಡ್ರಾಮಾಟೆನ್‌ನಲ್ಲಿದ್ದರು. 1982ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನಿಗೆ ಸಲ್ಲುವ ಬೆಳ್ಳಿ ಕರಡಿಯನ್ನು ಪಡೆದರು. ಅವರ ಎಂಟು ಮಕ್ಕಳಲ್ಲಿ ಎಲ್ಲರೂ ನಟನೆಯನ್ನೇ ವೃತ್ತಿ ಮಾಡಿಕೊಳ್ಳಲಿಲ್ಲ. ಒಬ್ಬ ಮಗ ತಾಯಿಯಂತೆ ವೈದ್ಯ. ತಮ್ಮಂದಿರ ಕೆಲಸದಲ್ಲಿ ಗುಸ್ತಾಫ್ ಅವರ 'ವೈಕಿಂಗ್ಸ್' ಸರಣಿಯ ಫ್ಲೋಕಿ, ಬಿಲ್ ಅವರ 2017ರ 'ಇಟ್' ಚಿತ್ರದ ಪೆನ್ನಿವೈಸ್ ಇವೆರಡನ್ನು ನೋಡಿದರೆ ಸಾಕು. ಇಬ್ಬರೂ ಮುಖವನ್ನು ಮುರಿದು, ತಿರುಚಿ, ಮೈಯೆಲ್ಲ ಕುಣಿಸಿ ನಟಿಸುವವರು; ಅಣ್ಣನದು ಅದಕ್ಕೆ ವಿರುದ್ಧವಾದ ದಾರಿ. ಈ ಮನೆಯಲ್ಲಿ ಕೈದಾಟಿಸಿಕೊಂಡು ಬಂದ ಒಂದೇ ಶೈಲಿ ಎಂಬುದು ಇಲ್ಲವೆಂದು ಆಗ ತಿಳಿಯುತ್ತದೆ.

ತಂದೆ ಮಗ ಒಟ್ಟಿಗೆ ಇರುವ ಕೃತಿಗಳಲ್ಲಿ ಮೊದಲು 2003ರ ಕಿರುಚಿತ್ರ 'ಆಟ್ ಡೋಡ ಎಟ್ ಬಾರ್ನ್' ಸಿಕ್ಕರೆ ನೋಡಿ. ಸ್ಟಿಗ್ ಡಾಗರ್‌ಮನ್ ಅವರ ಕಥೆಯನ್ನು ಆಧರಿಸಿ ಅಲೆಕ್ಸಾಂಡರ್ ಸಹನಿರ್ದೇಶಿಸಿದ ಈ ಚಿತ್ರಕ್ಕೆ ಕಥನದ ಧ್ವನಿ ತಂದೆಯದು. ಅನಂತರ ಲಾರ್ಸ್ ಫಾನ್ ಟ್ರಿಯರ್ ನಿರ್ದೇಶನದ 2011ರ 'ಮೆಲಂಕೋಲಿಯಾ'ದ ಮೊದಲರ್ಧ. ಮದುವೆಯ ಔತಣದಲ್ಲಿ ಅಲೆಕ್ಸಾಂಡರ್ ಮದುಮಗ, ಸ್ಟೆಲ್ಲನ್ ಮದುಮಗಳ ಉದ್ಯೋಗದಾತ. ತಂದೆ ಬಾಯಿಬಿಟ್ಟರೆ ದರ್ಪ. ಮಗ, ಹೆಂಡತಿಯ ಖಿನ್ನತೆ ಅರ್ಥವಾಗದಿದ್ದರೂ ಅವಳನ್ನು ಸಂತೋಷಪಡಿಸಲು ಹೆಣಗುವ ಒಳ್ಳೆಯ ಮನುಷ್ಯ. ಕೊನೆಯದಾಗಿ ಅದೇ ನಿರ್ದೇಶಕರ, ಕೋಪನ್‌ಹೇಗನ್ನಿನ ಆಸ್ಪತ್ರೆಯಲ್ಲಿ ನಡೆಯುವ 'ರೀಗೆಟ್' ಸರಣಿ. ಹಿಂದಿನ ಭಾಗದಲ್ಲಿ ಸ್ವೀಡಿಷ್ ವಕೀಲನಾಗಿ ಒಂದಿಷ್ಟು ಹೊತ್ತು ಬಂದು ಹೋಗುವವರು ಸ್ಟೆಲ್ಲನ್, 2022ರಲ್ಲಿ ಬಂದ ಮುಂದುವರಿದ ಭಾಗದಲ್ಲಿ ಸ್ವೀಡಿಷ್ ವಕೀಲನಾಗಿರುವವರು ಅಲೆಕ್ಸಾಂಡರ್. ಹಿಂದಿನ ಭಾಗವನ್ನು ನೋಡದೆ ಇದಕ್ಕೆ ಕೈಹಾಕಿದರೆ ಆ ಹಾಸ್ಯದ ಅರ್ಧ ಕೈತಪ್ಪುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಇದಕ್ಕೆ ಸಮಯವನ್ನು ತುಸು ಧಾರಾಳವಾಗಿಯೇ ಮೀಸಲಿಡಿ.