ಓಡಿಹೋದ ಅಳಿಯ ಜೀಪಿನಲ್ಲಿ ವಾಪಸ್

ಡಿಸೆಂಬರ್‌ನಲ್ಲಿ ಮೂರು ವಾರ ರಜೆ ಹಾಕಿ ಟೊರೊಂಟೊದಿಂದ ಅಮ್ಮತ್ತಿ ಹತ್ತಿರದ ಮಾವನ ಮನೆಗೆ ಹೊರಟಾಗ ಸೂಟ್‌ಕೇಸಿಗೆ ಮೊದಲು ಹಾಕಿದ್ದೇ ಓಡೋ ಶೂ. ಅಲ್ಲಿ ಚಳಿಗಾಲದ ಓಟ ಅಂದ್ರೆ ಮೂರು ಪದರ ಬಟ್ಟೆ, ಗ್ಲೌಸು, ಫುಟ್‌ಪಾತ್ ಮೇಲೆ ಜಾರೋ ಐಸು. ಇಲ್ಲಾಂದ್ರೆ ಟ್ರೆಡ್‌ಮಿಲ್. ಕೊಡಗಿನಲ್ಲಿ ಚಡ್ಡಿ, ಟೀ ಶರ್ಟ್ ಸಾಕು, ಬಾಗಿಲು ತೆಗೆದು ಓಡೋದಷ್ಟೇ ಅಂದುಕೊಂಡಿದ್ದೆ.

ಮೊದಲ ರಾತ್ರಿ ಮೂರು ಗಂಟೆಗೇ ಎಚ್ಚರವಾಯ್ತು. ಟೊರೊಂಟೊದಲ್ಲಿ ಆಗಿನ್ನೂ ಸಂಜೆ ನಾಲ್ಕೂವರೆ, ಮೈಗೆ ಅದೇ ಲೆಕ್ಕ. ಐದರ ತನಕ ಹೊರಳಾಡಿ, ಶೂ ಹಾಕಿ, ಮೆಲ್ಲಗೆ ಚಿಲಕ ತೆಗೆದೆ. ಹಿಂದಿನಿಂದ ಮಾವನ ದನಿ: "ಎಲ್ಲಿಗೆ? ತೋಟದಲ್ಲಿ ಆನೆ ಇದೆ."

ಬೆಳಕಾದ ಮೇಲೆ ಅವರೇ ಗೇಟಿನಾಚೆ ಕರೆದುಕೊಂಡು ಹೋಗಿ ತೋರಿಸಿದರು. ರಸ್ತೆ ಮಧ್ಯೆ ಲದ್ದಿ, ಇನ್ನೂ ಸಣ್ಣಗೆ ಹಬೆ ಆಡ್ತಿತ್ತು. ಮಾವ ಕೋಲಲ್ಲಿ ಕೆದಕಿದರು. ಒಳಗೆ ಭತ್ತದ ಹೊಟ್ಟು, ನಡುವೆ ನಾಲ್ಕೈದು ಕಾಫಿ ಬೀಜ. ಗದ್ದೆಯಲ್ಲಿ ಭತ್ತ ಬಲಿತಿರೋ ಕಾಲ ಇದು, ರಾತ್ರಿ ಗದ್ದೆಗೆ ಇಳಿದ ಆನೆಗಳು ಬೆಳಗಿನ ಜಾವ ತೋಟದೊಳಗೆ ಸೇರಿಕೊಳ್ಳುತ್ತವೆ, ಕಾಫಿ ಗಿಡದ ಮರೆಯಲ್ಲಿ ಹತ್ತು ಹೆಜ್ಜೆ ದೂರ ನಿಂತಿದ್ದರೂ ಮಂಜಲ್ಲಿ ಕಾಣೋದಿಲ್ಲ. ಅವತ್ತೇ ಇಯರ್‌ಫೋನ್ ಡ್ರಾಯರಿಗೆ ಹೋಯ್ತು.

ಸರಿ, ಬಿಸಿಲಿಗೇ ಓಡೋಣ ಅಂತ ಮರುದಿನ ಹತ್ತು ಗಂಟೆಗೆ ಹೊರಟೆ. ಅದು ನನ್ನ ದಡ್ಡತನ. ಸೊನ್ನೆ ಡಿಗ್ರಿಗೆ ಒಗ್ಗಿದ ಮೈ, ಮೇಲೆ ಚುರುಗುಟ್ಟೋ ಬಿಸಿಲು, ನಾನು ಮಾತ್ರ ಅಲ್ಲಿನ ವೇಗದಲ್ಲೇ. ಎರಡನೇ ಏರಿನಲ್ಲಿ ತಲೆ ಗಿರ್ ಅಂತು. ಮೋರಿ ಕಟ್ಟೆ ಮೇಲೆ ಕೂತುಬಿಟ್ಟೆ. ಪಕ್ಕದ ತೋಟದ ಜೀಪಿನವರು ಗುರುತು ಹಿಡಿದು ಮನೆಗೆ ತಂದು ಬಿಟ್ಟರು. "ಓಡಿಹೋದ ಅಳಿಯ ಜೀಪಲ್ಲಿ ಬಂದ್ರು ನೋಡಿ" ಅಂತ ಅತ್ತೆ ಊರಿಗೆಲ್ಲ ಕೇಳೋ ಹಾಗೆ ನಕ್ಕರು. "ಅಶ್ವಿನಿ ನಾಚಪ್ಪ ಪಿ.ಟಿ. ಉಷಾರನ್ನೇ ಸೋಲಿಸಿದವರು, ನಮ್ಮ ಕೊಡಗಿನವರು. ಮರ್ಯಾದೆ ಕಳೀಬೇಡಿ" ಅಂತ ಮಾವ. ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿದ ಮೇಲೆ ನನಗೂ ನಗು ಬಂತು.

ಸೆಖೆಗೆ ಮೈ ಒಗ್ಗೋಕೆ ಒಂದರಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ಅದೇ ವೇಗಕ್ಕೂ ಎದೆಬಡಿತ ಜಾಸ್ತಿ. ಇದು ನನಗೆ ಗೊತ್ತಿದ್ದ ವಿಷಯವೇ! ರಜೆಯ ಹುಮ್ಮಸ್ಸಲ್ಲಿ ಮರೆತಿದ್ದೆ. ಆಮೇಲೆ ವಾಚ್‌ನಲ್ಲಿ ವೇಗ ನೋಡೋದು ಬಿಟ್ಟು, ಮಾತಾಡ್ತಾ ಓಡೋಕೆ ಆಗುತ್ತಾ ಅಂತ ಮಾತ್ರ ನೋಡಿಕೊಂಡೆ. ಏರು ಬಂದರೆ ನಡೆದೆ.

ಮೊದಲ ವಾರ ಓಡಿದ್ದು ಕಣದಲ್ಲಿ. ಕುಯ್ಲಿನ ಸಮಯ, ಕಣದ ತುಂಬ ಕಾಫಿ ಹಣ್ಣು ಹರಡಿದ್ದರು. ಅಂಚಿನಲ್ಲಿ ಮೂರಡಿ ಜಾಗ ಬಿಟ್ಟಿದ್ದರು, ಒಂದು ಸುತ್ತಿಗೆ 110 ಮೀಟರ್. ಐದು ಕಿಲೋಮೀಟರಿಗೆ ಸುಮಾರು 45 ಸುತ್ತು ಆಗಬೇಕು. ಬೇಜಾರು ಅಂದ್ರೆ ಬೇಜಾರು. ಆದರೆ ಭಾಮೈದನ ಆರು ವರ್ಷದ ಮಗ ಮೊರದಲ್ಲಿ 45 ಹಣ್ಣು ಎಣಿಸಿಟ್ಟುಕೊಂಡು ಕೂತ, ಸುತ್ತಿಗೊಂದು ಹಣ್ಣು ತೆಗೆದು ಪಕ್ಕಕ್ಕಿಡೋದು ಅವನ ಕೆಲಸ. ಮೂರನೇ ದಿನ ಎಷ್ಟು ಓಡಿದರೂ ಮೊರ ಖಾಲಿ ಆಗ್ತಿಲ್ಲ. ನೋಡಿದರೆ ನಾನು ಆಚೆ ತಿರುಗಿದಾಗ ಕಳ್ಳ ಹಣ್ಣು ವಾಪಸ್ ಹಾಕ್ತಿದ್ದ.

ಎರಡನೇ ವಾರದಿಂದ ರಸ್ತೆಗಿಳಿದೆ. ಏಳೂವರೆಗೆ ಕೆಲಸದವರು ತೋಟಕ್ಕೆ ಬಂದು, ಆನೆ ಎಲ್ಲಿದೆ ಅಂತ ತೋಟದ ಕೆಲಸ ನೋಡಿಕೊಳ್ಳೋ ರೈಟರಿಗೆ ಸುದ್ದಿ ಸಿಕ್ಕ ಮೇಲೆ. ಬಲಗಡೆಯಲ್ಲೇ ಓಡ್ತಿದ್ದೆ, ಎದುರಿಗೆ ಬರೋ ಗಾಡಿ ಕಾಣಬೇಕಲ್ವಾ. ಕ್ರಿಸ್‌ಮಸ್ ವಾರದಲ್ಲಿ ಪ್ರವಾಸಿಗರ ಕಾರು ತಿರುವಿನಲ್ಲಿ ಹೇಗೆ ಬರುತ್ತವೆ ಅಂತ ಹೇಳೋದೇ ಬೇಡ, ನನಗೆ ಆನೆಗಿಂತ ಅವುಗಳದ್ದೇ ಭಯ.

ಬೆಳಿಗ್ಗೆ ಎಲ್ಲರೂ ಕೂತು ಅಕ್ಕಿ ರೊಟ್ಟಿ ತಿನ್ನೋ ಹೊತ್ತಲ್ಲಿ ನಾನು ನಾಪತ್ತೆ ಅಂತ ಹೆಂಡತಿಗೆ ಸಿಟ್ಟಿತ್ತು. ಅವಳ ಮಾತಲ್ಲಿ ತಪ್ಪಿರಲಿಲ್ಲ. ಅದಕ್ಕೆ ಅಂಗಡಿ ಕೆಲಸ ನನಗೇ ಕೊಡಿ ಅಂದೆ. ಬೆನ್ನಿಗೊಂದು ಬ್ಯಾಗು, ಜೇಬಲ್ಲಿ ಅತ್ತೆಯ ಚೀಟಿ. ಬ್ರೆಡ್ಡು, ಪೇಪರು, ಒಂದಿನ ಕೊತ್ತಂಬರಿ ಸೊಪ್ಪು. ಯಾರೂ ಮತ್ತೆ ಕೇಳಲಿಲ್ಲ, ಬದಲಿಗೆ "ಇವತ್ತು ಓಡಲ್ವಾ?" ಅಂತ ಅತ್ತೆಯೇ ನೆನಪಿಸೋರು. ಕೊನೆಯ ಭಾನುವಾರ ಚೀಟಿಯಲ್ಲಿ ಎರಡು ಡಜನ್ ಮೊಟ್ಟೆ ಇತ್ತು. ಅವತ್ತು ವಾಪಸ್ ನಡೆದುಕೊಂಡೇ ಬಂದೆ.